ಕಾರು ದುರಸ್ತಿ: ದುಬಾರಿ ಬಿಲ್ಲಿನಿಂದ ಪಾರಾಗುವ ಬಗೆ

ಐದು ಸಾವಿರ ರೂಪಾಯಿಯ ಮಾಮೂಲಿ ಸರ್ವಿಸಿಗೆಂದು ಬೆಳಿಗ್ಗೆ ಕಾರು ಬಿಟ್ಟು ಕಚೇರಿಗೆ ಹೋಗುತ್ತೀರಿ. ಮಧ್ಯಾಹ್ನ ಮೂರರ ಹೊತ್ತಿಗೆ ಕರೆ ಬರುತ್ತದೆ. ‘ಸರ್, ಬ್ರೇಕ್ ಪ್ಯಾಡ್ ಸವೆದಿದೆ, ಲೋಯರ್ ಆರ್ಮ್ ಬುಷ್ ಹೋಗಿದೆ, ಎ.ಸಿ.ಯಲ್ಲಿ ವಾಸನೆ ಇದೆ, ಎಂಜಿನ್ ಫ್ಲಶ್ ಕೂಡ ಮಾಡಿಸಿದರೆ ಒಳ್ಳೆಯದು. ಎಲ್ಲ ಸೇರಿ ಹದಿನೆಂಟು ಸಾವಿರ ಆಗಬಹುದು. ಮಾಡಿಬಿಡೋಣವಾ?’ ಸಭೆಯ ನಡುವೆ ಕುಳಿತ ನೀವು ‘ಆಯಿತು, ಮಾಡಿ’ ಎನ್ನುತ್ತೀರಿ. ಸಂಜೆ ಕೈಗೆ ಬರುವ ಬಿಲ್ಲಿನಲ್ಲಿ ಇಪ್ಪತ್ತೊಂದು ಸಾವಿರ ಇರುತ್ತದೆ. ಯಾವುದು ಅಗತ್ಯವಿತ್ತು, ಯಾವುದು ಇರಲಿಲ್ಲ ಎಂದು ತಿಳಿಯುವ ದಾರಿ ಆಗ ಉಳಿದಿರುವುದಿಲ್ಲ.

ನಗರಗಳ ಕಾರು ಮಾಲೀಕರಲ್ಲಿ ಈ ಅನುಭವವಾಗದವರು ವಿರಳ. ಹಾಗೆಂದು ಗ್ಯಾರೇಜಿನವರೆಲ್ಲ ಮೋಸಗಾರರೆಂದು ತೀರ್ಮಾನಿಸುವುದು ಸರಿಯಲ್ಲ. ಎಣ್ಣೆ, ಮಸಿಯ ನಡುವೆ ದಿನವಿಡೀ ದುಡಿದು ನ್ಯಾಯವಾದ ಕೂಲಿ ಕೇಳುವ ಮೆಕ್ಯಾನಿಕ್‌ಗಳು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ತೊಂದರೆ ಇರುವುದು ವ್ಯವಹಾರದ ಸ್ವರೂಪದಲ್ಲಿ. ಕಾರಿನ ಒಳಗೇನಾಗಿದೆ ಎಂಬುದು ಒಬ್ಬರಿಗೆ ಗೊತ್ತು, ಹಣ ಕೊಡಬೇಕಾದ ಇನ್ನೊಬ್ಬರಿಗೆ ಗೊತ್ತಿಲ್ಲ. ಈ ಅಂತರವನ್ನು ಬಿಲ್ ಕೌಂಟರಿನ ಮುಂದೆ ನಿಂತು ತುಂಬಲಾಗದು. ಬಾನೆಟ್ ತೆರೆಯುವ ಮೊದಲೇ, ಕಾಗದದ ಮೇಲೆ ತುಂಬಿಕೊಳ್ಳಬೇಕು. ಈ ಲೇಖನದ ಸಾರವೂ ಅಷ್ಟೆ.

ಹಣ ಸೋರುವ ನಾಲ್ಕು ದಾರಿಗಳು

ದುರಸ್ತಿಯ ಹೆಸರಿನಲ್ಲಿ ಹೆಚ್ಚು ಹಣ ಹೋಗುವುದು ಮುಖ್ಯವಾಗಿ ನಾಲ್ಕು ಬಗೆಯಲ್ಲಿ. ಮೊದಲನೆಯದು, ಅಗತ್ಯವಿಲ್ಲದ ಕೆಲಸವನ್ನು ಮಾಡಿಸುವುದು. ಎರಡನೆಯದು, ಮಾಡದ ಕೆಲಸಕ್ಕೆ ಅಥವಾ ಹಾಕದ ಬಿಡಿಭಾಗಕ್ಕೆ ಬಿಲ್ ಹಾಕುವುದು. ಮೂರನೆಯದು, ಬಿಡಿಭಾಗಕ್ಕೆ ಹೆಚ್ಚು ಬೆಲೆ ಕಟ್ಟುವುದು ಅಥವಾ ನಕಲಿ ಭಾಗಕ್ಕೆ ಅಸಲಿಯ ಬೆಲೆ ವಸೂಲು ಮಾಡುವುದು. ನಾಲ್ಕನೆಯದು, ದೋಷ ಯಾವುದೆಂದು ತಿಳಿಯದೆ ಒಂದಾದ ಮೇಲೊಂದು ಭಾಗ ಬದಲಿಸುತ್ತ ಹೋಗುವುದು.

ನಾಲ್ಕನೆಯದರಲ್ಲಿ ಹಲವು ಬಾರಿ ದುರುದ್ದೇಶವೇ ಇರುವುದಿಲ್ಲ, ಇರುವುದು ಪರಿಣತಿಯ ಕೊರತೆ. ಆದರೂ ಮಾಲೀಕರ ಜೇಬಿಗೆ ಬೀಳುವ ಹೊರೆ ಒಂದೇ. ಆದ್ದರಿಂದ ಮೆಕ್ಯಾನಿಕ್ ಪ್ರಾಮಾಣಿಕರೇ ಎಂದಷ್ಟೇ ವಿಚಾರಿಸಿದರೆ ಸಾಲದು, ಕೆಲಸ ಬಲ್ಲವರೇ ಎಂಬುದನ್ನೂ ನೋಡಬೇಕು.

ಜಾಬ್ ಕಾರ್ಡ್ ಎಂಬ ರಕ್ಷಣೆ

ಕಾರು ಒಪ್ಪಿಸುವಾಗ ಸರ್ವಿಸ್ ಕೇಂದ್ರದವರು ಬರೆದುಕೊಳ್ಳುವ ಜಾಬ್ ಕಾರ್ಡಿಗೆ ಬಹುಪಾಲು ಜನ ಓದದೆಯೇ ಸಹಿ ಹಾಕುತ್ತಾರೆ. ಮುಂದೆ ತಕರಾರು ಬಂದರೆ ಮೊದಲು ನೋಡುವ ದಾಖಲೆ ಅದೇ. ಸಹಿ ಹಾಕುವ ಮುನ್ನ ಈ ಅಂಶಗಳು ಅದರಲ್ಲಿವೆಯೇ ಎಂದು ನೋಡಿಕೊಳ್ಳಿ:

* ನಿಮ್ಮ ದೂರು ನಿಮ್ಮದೇ ಮಾತಿನಲ್ಲಿ ಇರಬೇಕು. ‘ಸಸ್ಪೆನ್ಷನ್ ಬದಲಿಸಿ’ ಎಂದು ಬರೆಸಬೇಡಿ. ‘ರಸ್ತೆ ಉಬ್ಬಿನ ಮೇಲೆ ಹೋಗುವಾಗ ಮುಂದಿನ ಎಡಭಾಗದಲ್ಲಿ ಟಕ್ ಟಕ್ ಸದ್ದು ಬರುತ್ತದೆ’ ಎಂದು ಬರೆಸಿ. ಲಕ್ಷಣ ಹೇಳುವುದು ನಿಮ್ಮ ಕೆಲಸ, ಕಾರಣ ಹುಡುಕುವುದು ಅವರ ಕೆಲಸ. ನೀವೇ ಭಾಗದ ಹೆಸರು ಹೇಳಿದರೆ ಅದನ್ನು ಬದಲಿಸಿ ಕಳಿಸುತ್ತಾರೆ. ಸದ್ದು ಹೋಗದಿದ್ದರೆ ‘ನೀವು ಹೇಳಿದ್ದನ್ನೇ ಮಾಡಿದ್ದೇವೆ’ ಎಂಬ ಉತ್ತರ ಬರುತ್ತದೆ.
* ಬಿಡಿಭಾಗ ಮತ್ತು ಕೂಲಿಯ ಅಂದಾಜು ಮೊತ್ತ ಬೇರೆ ಬೇರೆಯಾಗಿ ಇರಬೇಕು.
* ‘ಈ ಮೊತ್ತ ಮೀರುವ ಯಾವುದೇ ಕೆಲಸಕ್ಕೆ ಮೊದಲು ಲಿಖಿತ ಒಪ್ಪಿಗೆ ಪಡೆಯಬೇಕು’ ಎಂಬ ಸಾಲನ್ನು ನೀವೇ ಕೈಬರಹದಲ್ಲಿ ಸೇರಿಸಿ. ವಾಟ್ಸ್‌ಆ್ಯಪ್ ಸಂದೇಶ ಅಥವಾ ಇ-ಮೇಲ್ ಆದರೂ ಸಾಕು. ಫೋನಿನಲ್ಲಿ ಹೇಳಿದ ಮಾತಿಗೆ ದಾಖಲೆ ಇರುವುದಿಲ್ಲ.
* ‘ಬದಲಿಸಿದ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕು’ ಎಂದು ಬರೆಸಿ.
* ಓಡೋಮೀಟರ್ ಓದು, ಇಂಧನದ ಮಟ್ಟ, ಈಗಾಗಲೇ ಇರುವ ಗೀರು ಮತ್ತು ತಗ್ಗುಗಳನ್ನು ನಮೂದಿಸಿ. ಮೊಬೈಲಿನಲ್ಲಿ ನಾಲ್ಕು ಬದಿಯ ಚಿತ್ರ ತೆಗೆದುಕೊಳ್ಳಿ.

ಬೀದಿ ಬದಿಯ ಗ್ಯಾರೇಜಿನಲ್ಲಿ ಅಚ್ಚಾದ ಜಾಬ್ ಕಾರ್ಡ್ ಇಲ್ಲದಿರಬಹುದು. ಅಲ್ಲಿಯೂ ಒಂದು ಹಾಳೆಯ ಮೇಲೆ ಇವಿಷ್ಟನ್ನೂ ಬರೆದು ಇಬ್ಬರೂ ಸಹಿ ಮಾಡಿದರೆ ಸಾಕು. ಇದಕ್ಕೆ ಬೇಸರಪಡುವ ಗ್ಯಾರೇಜಿನ ಬಿಲ್ಲಿನ ಬಗೆಗೆ ಆಗಲೇ ಎಚ್ಚರ ವಹಿಸುವುದು ಒಳಿತು.

ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿರುವ ಪುಸ್ತಕ

ಕಾರಿನ ಜೊತೆ ಬರುವ ಮಾಲೀಕರ ಕೈಪಿಡಿಯನ್ನು ಯಾರೂ ಓದುವುದಿಲ್ಲ. ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಯಾವುದನ್ನು ಪರೀಕ್ಷಿಸಬೇಕು, ಯಾವುದನ್ನು ಬದಲಿಸಬೇಕು ಎಂಬ ಪಟ್ಟಿ ಅದರಲ್ಲಿರುತ್ತದೆ. ಕಾರು ತಯಾರಿಸಿದ ಕಂಪನಿಯೇ ಕೊಟ್ಟ ಪಟ್ಟಿ ಅದು. ಪಟ್ಟಿಯಲ್ಲಿ ‘ಪರೀಕ್ಷೆ’ ಎಂದಿರುವುದನ್ನು ಸರ್ವಿಸ್ ಅಡ್ವೈಸರ್ ‘ಬದಲಾವಣೆ’ ಎಂದು ಹೇಳಿದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಎಂಜಿನ್ ಆಯಿಲಿನ ದರ್ಜೆ ಮತ್ತು ಪ್ರಮಾಣ ಕೂಡ ಕೈಪಿಡಿಯಲ್ಲಿ ಸ್ಪಷ್ಟವಾಗಿ ಇರುತ್ತದೆ. ಅನೇಕ ಸಣ್ಣ ಪೆಟ್ರೋಲ್ ಕಾರುಗಳಿಗೆ ನಾಲ್ಕು ಲೀಟರಿಗಿಂತ ಕಡಿಮೆ ಆಯಿಲ್ ಸಾಕಾಗುತ್ತದೆ. ಬಿಲ್ಲಿನಲ್ಲಿ ಪೂರ್ತಿ ನಾಲ್ಕು ಲೀಟರ್ ಎಂದಿದ್ದರೆ ಉಳಿದದ್ದು ಎಲ್ಲಿ ಎಂದು ಕೇಳಿ. ಡಬ್ಬಿಯಿಂದ ಹಾಕಿದ್ದರೆ ಉಳಿದ ಆಯಿಲ್ ನಿಮ್ಮದೇ. ಬ್ಯಾರಲ್ಲಿನಿಂದ ಹಾಕಿದ್ದರೆ ಅಳತೆಗೆ ತಕ್ಕಷ್ಟೇ ಬಿಲ್ ಆಗಬೇಕು. ಕಾರು ಪಡೆಯುವಾಗ ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು ಹೊರತೆಗೆದು ಒರೆಸಿ, ಮತ್ತೆ ಅದ್ದಿ ನೋಡಿದರೆ ಆಯಿಲ್ ಹೊಸದೇ, ಮಟ್ಟ ಸರಿಯಾಗಿದೆಯೇ ಎಂಬುದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಬೇಗನೆ ಕಪ್ಪಾಗುತ್ತದೆ. ಬಣ್ಣವೊಂದನ್ನೇ ನಂಬಿ ಅಲ್ಲಿ ತಕರಾರು ತೆಗೆಯುವುದು ಬೇಡ.

ಅಳತೆ ಕೇಳಿ, ಮಾತು ಬೇಡ

‘ಸವೆದಿದೆ’, ‘ಹೋಗಿದೆ’, ‘ವೀಕ್ ಆಗಿದೆ’ ಎಂಬ ಮಾತುಗಳನ್ನು ಅಳೆದು ನೋಡಲು ಬರುವುದಿಲ್ಲ. ಆದರೆ ಕಾರಿನ ಮುಖ್ಯ ಭಾಗಗಳ ಸವೆತವನ್ನು ಅಳೆಯಬಹುದು. ಸಂಖ್ಯೆ ಕೇಳಿದರೆ ಸಂಭಾಷಣೆಯ ಧಾಟಿಯೇ ಬದಲಾಗುತ್ತದೆ.

ಬ್ರೇಕ್ ಪ್ಯಾಡ್: ಹೊಸ ಪ್ಯಾಡಿನ ಘರ್ಷಣೆ ಪದರ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಅದು ಸುಮಾರು 3 ಮಿ.ಮೀ.ಗೆ ಇಳಿದಾಗ ಬದಲಿಸುವುದು ರೂಢಿ. 6 ಮಿ.ಮೀ. ಉಳಿದಿದ್ದರೆ ಆತುರವಿಲ್ಲ. ಮುಂದಿನ ಎರಡೂ ಚಕ್ರಗಳ ಪ್ಯಾಡುಗಳನ್ನು ಒಟ್ಟಿಗೆ ಬದಲಿಸಬೇಕು ಎಂಬುದು ನಿಜ. ಅದಕ್ಕಾಗಿ ಹಿಂದಿನವನ್ನೂ ಬದಲಿಸಬೇಕಿಲ್ಲ.

ಟಯರ್: ಗಾಡಿಗಳ ನಡುವೆ ಕಾಣುವ ಸಣ್ಣ ಉಬ್ಬುಗಳು ಸವೆತದ ಗುರುತು. ಟಯರಿನ ಮೇಲ್ಮೈ ಆ ಉಬ್ಬಿನ ಮಟ್ಟಕ್ಕೆ, ಅಂದರೆ 1.6 ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು. ಟಯರಿನ ಬದಿಯಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ. ಹೊಸ ಟಯರ್ ಎಂದು ಹಣ ತೆರುವಾಗ ಇದನ್ನು ನೋಡಲು ಮರೆಯಬೇಡಿ.

ಬ್ಯಾಟರಿ: ರಾತ್ರಿಯಿಡೀ ನಿಂತ ಕಾರಿನಲ್ಲಿ ಪೂರ್ಣ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ನಡುವೆ ಇರಬೇಕು. ಅಷ್ಟು ಬಾರದಿದ್ದರೆ ದೋಷ ಆಲ್ಟರ್ನೇಟರ್ ಅಥವಾ ಬೆಲ್ಟಿನದ್ದಾಗಿರಬಹುದು. ಆಗ ಹೊಸ ಬ್ಯಾಟರಿ ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಮಲಗುತ್ತದೆ.

ಎ.ಸಿ. ಗ್ಯಾಸ್: ಇದು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ವ್ಯವಸ್ಥೆಯಲ್ಲಿ ಸುತ್ತುತ್ತಿರುತ್ತದೆ. ತಂಪು ಕಡಿಮೆಯಾಗಿ ಗ್ಯಾಸ್ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಸೋರಿಕೆ ಹುಡುಕದೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಟೈಮಿಂಗ್ ಬೆಲ್ಟ್: ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್, ಇನ್ನು ಕೆಲವದರಲ್ಲಿ ಚೈನ್ ಇರುತ್ತದೆ. ಬೆಲ್ಟನ್ನು ಕೈಪಿಡಿ ಹೇಳಿದ ಅವಧಿಗೆ ತಪ್ಪದೆ ಬದಲಿಸಬೇಕು. ಅದು ತುಂಡಾದರೆ ಎಂಜಿನ್ನೇ ಹಾಳಾಗಬಹುದು. ಚೈನ್ ಇರುವ ಎಂಜಿನ್ನಿಗೆ ಬೆಲ್ಟ್ ಬದಲಾವಣೆಯ ಅಂದಾಜು ಕೊಟ್ಟರೆ ಆ ಗ್ಯಾರೇಜಿನಿಂದ ಹೊರಡುವುದು ಲೇಸು.

ಕಂಪ್ಯೂಟರ್ ಸ್ಕ್ಯಾನ್: ಎಂಜಿನ್ ದೀಪ ಹೊತ್ತಿಕೊಂಡಾಗ ಒಬಿಡಿ ಸ್ಕ್ಯಾನರಿನಿಂದ ದೋಷ ಸಂಕೇತ ಓದುತ್ತಾರೆ. ತೊಂದರೆ ಯಾವ ವ್ಯವಸ್ಥೆಯಲ್ಲಿದೆ ಎಂಬುದನ್ನು ಮಾತ್ರ ಸಂಕೇತ ಹೇಳುತ್ತದೆ, ಯಾವ ಭಾಗ ಬದಲಿಸಬೇಕೆಂದು ಹೇಳುವುದಿಲ್ಲ. ಆಕ್ಸಿಜನ್ ಸೆನ್ಸರಿನ ಸಂಕೇತ ಬಂದರೆ ಸೆನ್ಸರೇ ಕೆಟ್ಟಿರಬೇಕೆಂದಿಲ್ಲ, ತಂತಿ ಸಡಿಲವಾಗಿರಬಹುದು, ಸೈಲೆನ್ಸರಿನಲ್ಲಿ ಸೋರಿಕೆ ಇರಬಹುದು. ಸಂಕೇತದ ಸಂಖ್ಯೆಯನ್ನು ಬರೆಸಿಕೊಂಡು, ಸೆನ್ಸರನ್ನೇ ಹೇಗೆ ಖಚಿತಪಡಿಸಿಕೊಂಡಿರಿ ಎಂದು ಕೇಳಿ.

ಎಂಜಿನ್ ಫ್ಲಶ್, ಎಂಜಿನ್ ಕೋಟಿಂಗ್, ಎ.ಸಿ. ಸೋಂಕು ನಿವಾರಣೆ, ಟೆಫ್ಲಾನ್ ಲೇಪನ, ಇಂಧನಕ್ಕೆ ಬೆರೆಸುವ ದ್ರಾವಣ ಇವು ಸರ್ವಿಸಿನ ಬಿಲ್ಲನ್ನು ಉಬ್ಬಿಸುವ ಸಾಮಾನ್ಯ ಸಾಲುಗಳು. ಇವೆಲ್ಲ ನಿಷ್ಪ್ರಯೋಜಕವೆಂದಲ್ಲ. ಕೈಪಿಡಿಯ ಪಟ್ಟಿಯಲ್ಲಿ ಇಲ್ಲದಿದ್ದರೆ ಮತ್ತು ನಿಮಗೆ ಯಾವ ತೊಂದರೆಯೂ ಕಾಣಿಸದಿದ್ದರೆ ‘ಈಗ ಬೇಡ’ ಎನ್ನಲು ಸಂಕೋಚಪಡಬೇಕಾಗಿಲ್ಲ. ಆದರೆ ಬ್ರೇಕ್, ಸ್ಟೀರಿಂಗ್, ಟಯರ್ ವಿಷಯದಲ್ಲಿ ಉಳಿತಾಯ ಸಲ್ಲದು. ಅನುಮಾನವಿದ್ದರೆ ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸಿ. ತೋರಿಸುವುದನ್ನೇ ಮುಂದೂಡಬೇಡಿ.

ಅಧಿಕೃತ ಕೇಂದ್ರವೇ, ಬಡಾವಣೆಯ ಗ್ಯಾರೇಜೇ?

‘ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತದೆ’ ಎಂಬ ಮಾತು ಮಾಲೀಕರನ್ನು ಹೆದರಿಸಲು ಹೆಚ್ಚಾಗಿ ಬಳಕೆಯಾಗುತ್ತದೆ. ಈ ಬಗೆಗೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಮಹತ್ವದ ಆದೇಶ ನೀಡಿತು. ಬಿಡಿಭಾಗ ಹಾಗೂ ದೋಷ ಪತ್ತೆ ಉಪಕರಣಗಳು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆಯುತ್ತಿದ್ದಾರೆಂಬ ಕಾರಣಕ್ಕೆ 14 ಕಾರು ತಯಾರಕ ಕಂಪನಿಗಳ ಮೇಲೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಸ್ವತಂತ್ರ ಗ್ಯಾರೇಜಿನಲ್ಲಿ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಹಾಕಕೂಡದು, ಹೊರಗಿನ ದುರಸ್ತಿಯಿಂದಲೇ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂಬುದು ಆ ಆದೇಶದ ಒಂದು ಭಾಗ. ಕಂಪನಿಗಳು ಇದರ ವಿರುದ್ಧ ಮೇಲ್ಮನವಿಗೆ ಹೋದವು.

ಹೀಗಿದ್ದರೂ ವ್ಯಾವಹಾರಿಕವಾಗಿ, ವಾರಂಟಿ ಅವಧಿಯಲ್ಲಿ ನಿಗದಿತ ಸರ್ವಿಸನ್ನು ಅಧಿಕೃತ ಕೇಂದ್ರದಲ್ಲಿ ಮಾಡಿಸಿ ದಾಖಲೆ ಉಳಿಸಿಕೊಳ್ಳುವುದು ಕ್ಷೇಮ. ಟಯರ್, ಬ್ಯಾಟರಿ, ವೀಲ್ ಅಲೈನ್‌ಮೆಂಟ್, ಪಂಕ್ಚರ್‌ನಂಥ ಕೆಲಸವನ್ನು ಹೊರಗೆ ಮಾಡಿಸಲು ಅಂಜಬೇಕಿಲ್ಲ. ‘ಉಚಿತ ಸರ್ವಿಸ್’ ಎಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಉಚಿತ ಎಂಬುದೂ ನೆನಪಿರಲಿ. ಆಯಿಲ್, ಫಿಲ್ಟರುಗಳಿಗೆ ಹಣ ಕೊಡಬೇಕಾಗುತ್ತದೆ. ವಾರಂಟಿ ಮುಗಿದ ಮೇಲೆ ನಿಮ್ಮದೇ ಮಾದರಿಯ ಕಾರುಗಳನ್ನು ಹೆಚ್ಚಾಗಿ ನೋಡುವ, ಬಿಲ್ ಕೊಡುವ, ಕೆಲಸ ಮಾಡುವಾಗ ಎದುರು ನಿಲ್ಲಲು ಬಿಡುವ ಸ್ವತಂತ್ರ ಗ್ಯಾರೇಜ್ ಸಿಕ್ಕರೆ ಅಲ್ಲಿಗೇ ಹೋಗಬಹುದು. ಒಂದು ಸಣ್ಣ ಕೆಲಸ ಕೊಟ್ಟು ನೋಡಿ, ಆಮೇಲೆ ದೊಡ್ಡ ಕೆಲಸ ಒಪ್ಪಿಸಿ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಎಂಬ ಜಾಲತಾಣ ಆರಂಭಿಸಿತು. ಅದು ಒಳಗೊಂಡ ಕ್ಷೇತ್ರಗಳಲ್ಲಿ ವಾಹನಗಳೂ ಸೇರಿವೆ.

ಬಿಡಿಭಾಗ: ಡಬ್ಬಿ ನೋಡದೆ ಹಣ ಕೊಡಬೇಡಿ

ಪೊಟ್ಟಣದಲ್ಲಿ ಬರುವ ಬಿಡಿಭಾಗದ ಮೇಲೆ ಗರಿಷ್ಠ ಮಾರಾಟ ಬೆಲೆ, ಅಂದರೆ ಎಂಆರ್‌ಪಿ ಮುದ್ರಿತವಾಗಿರಬೇಕು. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಈ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದಕ್ಕಿಂತ ಹೆಚ್ಚು ವಸೂಲು ಮಾಡುವುದು ಅಪರಾಧ. ‘ಎಂಆರ್‌ಪಿ ಮೇಲೆ ಜಿಎಸ್‌ಟಿ ಬೇರೆ’ ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. ಡಬ್ಬಿಯ ಮೇಲೆ 1,180 ರೂ. ಎಂದಿದ್ದರೆ ಬಿಲ್ಲಿನಲ್ಲಿ 1,000 ರೂ. ಬೆಲೆ, ಶೇ 18ರಂತೆ 180 ರೂ. ತೆರಿಗೆ ಎಂದು ಒಡೆದು ತೋರಿಸಬಹುದು. 1,180ರ ಮೇಲೆ ಮತ್ತೆ ತೆರಿಗೆ ಹಾಕಿ 1,392 ರೂ. ಕೇಳುವಂತಿಲ್ಲ. ಇಂಥ ದೂರನ್ನು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಕೊಡಬಹುದು.

ದೊಡ್ಡ ಭಾಗ ಬದಲಿಸುವ ಮುನ್ನ ಅದರ ಪಾರ್ಟ್ ಸಂಖ್ಯೆ ಪಡೆದು ಎರಡು ಕಡೆ ಬೆಲೆ ವಿಚಾರಿಸಿ. ಬೆಂಗಳೂರಿನವರಿಗೆ ವಾಹನ ಬಿಡಿಭಾಗದ ಮಳಿಗೆಗಳು ಸಾಲುಗಟ್ಟಿರುವ ಜೆ.ಸಿ. ರಸ್ತೆ ಚಿರಪರಿಚಿತ. ಅಲ್ಲಿಗೊಂದು ಫೋನ್ ಕರೆ ಮಾಡಿದರೂ ಮಾರುಕಟ್ಟೆಯ ದರ ತಿಳಿಯುತ್ತದೆ. ಕಂಪನಿಯ ಮುದ್ರೆ ಇರುವ ಭಾಗ, ಅದೇ ಗುಣಮಟ್ಟದ ಬೇರೆ ತಯಾರಕರ ಭಾಗ, ಅಗ್ಗದ ನಕಲಿ, ಗುಜರಿಯ ಹಳೆಯ ಭಾಗ ಎಂದು ನಾಲ್ಕು ಬಗೆಗಳಿವೆ. ಕಾರಿನ ಕಂಪನಿಗೇ ಭಾಗ ಪೂರೈಸುವ ತಯಾರಕರು ತಮ್ಮ ಹೆಸರಿನಲ್ಲಿಯೂ ಮಾರುವುದುಂಟು. ಅವು ಅಗ್ಗವೂ ಹೌದು, ನಂಬಿಕೆಗೂ ಯೋಗ್ಯ. ಯಾವ ಬಗೆಯದನ್ನು ಹಾಕುತ್ತಾರೆ ಎಂಬುದು ಅಂದಾಜು ಪಟ್ಟಿಯಲ್ಲಿಯೇ ಇರಬೇಕು. ಡಬ್ಬಿ ನಿಮ್ಮ ಎದುರಿಗೆ ತೆರೆಯಲಿ, ಖಾಲಿ ಡಬ್ಬಿ ನಿಮ್ಮ ಕೈಗೆ ಬರಲಿ.

ಹಳೆಯ ಭಾಗ ಕೇಳುವುದು ಗುಜರಿಗೆ ಹಾಕಿ ನಾಲ್ಕು ಕಾಸು ಗಳಿಸುವುದಕ್ಕಲ್ಲ. ಭಾಗ ನಿಜಕ್ಕೂ ಬದಲಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ವಾರಂಟಿಯಲ್ಲಿ ಬದಲಿಸಿದ ಭಾಗ ಕಂಪನಿಗೆ, ವಿಮೆಯಲ್ಲಿ ಬದಲಿಸಿದ್ದು ವಿಮಾ ಕಂಪನಿಗೆ ಹೋಗುವುದು ಸಾಮಾನ್ಯ. ಅಂಥ ಸಂದರ್ಭದಲ್ಲಿ ನೋಡಿ ಒಂದು ಚಿತ್ರ ತೆಗೆದುಕೊಂಡರೆ ಸಾಕು. ಹಳೆಯ ಬ್ಯಾಟರಿ ಅಂಗಡಿಯಲ್ಲಿಯೇ ಉಳಿದರೆ ಅದರ ಬೆಲೆ ಬಿಲ್ಲಿನಲ್ಲಿ ಕಳೆದಿರಬೇಕು.

ಬಿಲ್ ಓದುವ ಕ್ರಮ

‘ಬಿಲ್ ಬೇಡವಾದರೆ ಕಡಿಮೆಗೆ ಮಾಡಿಕೊಡುತ್ತೇನೆ’ ಎಂಬ ಆಮಿಷಕ್ಕೆ ಒಳಗಾದವರು ಅದರೊಂದಿಗೆ ತಮ್ಮ ಹಕ್ಕನ್ನೂ ಕಳೆದುಕೊಳ್ಳುತ್ತಾರೆ. ಮೂರನೆಯ ದಿನ ಅದೇ ದೋಷ ಮರುಕಳಿಸಿದರೆ ದುರಸ್ತಿ ಮಾಡಿಸಿದ್ದಕ್ಕೆ ಪುರಾವೆಯೇ ಇರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಬಿಲ್ ಅಥವಾ ರಸೀದಿ ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ.

ಬಿಲ್ಲಿನಲ್ಲಿ ಮೂರು ಅಂಶಗಳನ್ನು ನೋಡಿ. ಒಂದು, ಜಿಎಸ್‌ಟಿ ಸಂಖ್ಯೆ. ಇದು 15 ಅಕ್ಷರ ಮತ್ತು ಅಂಕಿಗಳದ್ದು. ಕರ್ನಾಟಕದಲ್ಲಿ ನೋಂದಾಯಿಸಿದ್ದರೆ 29ರಿಂದ ಆರಂಭವಾಗುತ್ತದೆ. ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ಪರಿಶೀಲಿಸಬಹುದು. ನೋಂದಣಿ ಇಲ್ಲದ ಸಣ್ಣ ಗ್ಯಾರೇಜುಗಳಾಗಲಿ, ಕಾಂಪೊಸಿಷನ್ ಯೋಜನೆಯಲ್ಲಿರುವವರಾಗಲಿ ಗ್ರಾಹಕರಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಎರಡು, ತೆರಿಗೆಯ ದರ. ಬಹುತೇಕ ವಾಹನ ಬಿಡಿಭಾಗಗಳ ಮೇಲೆ ಹಿಂದೆ ಶೇ 28 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 18ಕ್ಕೆ ಇಳಿದಿದೆ. ದುರಸ್ತಿ ಕೂಲಿಯ ಮೇಲಿನ ದರವೂ ಶೇ 18. ಹಳೆಯ ದರದ ಬಿಲ್ ಬಂದರೆ ಸರಿಪಡಿಸಲು ಹೇಳಿ. ಮೂರು, ‘ಇತರೆ’, ‘ಕನ್ಸ್ಯೂಮೆಬಲ್ಸ್’, ‘ವಿವಿಧ ಖರ್ಚು’ ಎಂಬ ಸಾಲುಗಳು. ಇವುಗಳ ವಿವರ ಕೇಳಿ. ಒಂದೇ ಕೆಲಸಕ್ಕೆ ಎರಡು ಬಾರಿ ಕೂಲಿ ಹಾಕಿದ್ದಾರೆಯೇ ಎಂಬುದನ್ನೂ ನೋಡಿ. ಕ್ಲಚ್ ಪ್ಲೇಟ್ ಬದಲಿಸಲು ಗೇರ್ ಬಾಕ್ಸ್ ಇಳಿಸಲೇಬೇಕು. ಅದಕ್ಕೆ ಪ್ರತ್ಯೇಕ ಕೂಲಿ ಇದ್ದರೆ ಪ್ರಶ್ನಿಸಿ.

ವಿಮೆ ಇದೆಯೆಂಬ ಉದಾಸೀನ

‘ವಿಮೆ ಕಂಪನಿ ಕೊಡುತ್ತದೆ ಬಿಡಿ’ ಎಂಬ ಮಾತು ದುಬಾರಿಯಾಗಬಲ್ಲದು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಶೇ 50 ಸವಕಳಿ ಕಳೆಯುತ್ತಾರೆ. ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನಂತೆ ಸವಕಳಿ ಏರುತ್ತದೆ. ಬಂಪರ್ ಪ್ಲಾಸ್ಟಿಕ್ಕಿನದಾದ್ದರಿಂದ ಅದರ ಅರ್ಧ ಬೆಲೆ ನಿಮ್ಮದೇ. ‘ಶೂನ್ಯ ಸವಕಳಿ’ ಹೆಚ್ಚುವರಿ ರಕ್ಷಣೆ ಇದ್ದರೆ ಮಾತ್ರ ಈ ಹೊರೆ ತಪ್ಪುತ್ತದೆ. ಕ್ಲೇಮ್ ಮಾಡದ ವರ್ಷಗಳಿಗೆ ಶೇ 20ರಿಂದ ಆರಂಭವಾಗಿ ಐದು ವರ್ಷಕ್ಕೆ ಶೇ 50ರವರೆಗೆ ಸಿಗುವ ಬೋನಸ್ ಸಾಮಾನ್ಯವಾಗಿ ಒಂದೇ ಕ್ಲೇಮಿನಿಂದ ಕೈತಪ್ಪುತ್ತದೆ. ಸಣ್ಣ ಗೀರಿಗೆ ಟಿಂಕರಿಂಗ್, ಪೇಂಟಿಂಗ್ ಮಾಡಿಸುವ ಮೊದಲು ಬೋನಸಿನ ಮೊತ್ತವನ್ನೂ ದುರಸ್ತಿಯ ವೆಚ್ಚವನ್ನೂ ಪಕ್ಕಪಕ್ಕ ಬರೆದು ನೋಡಿ.

ನಗದುರಹಿತ ಸೌಲಭ್ಯದ ಕೇಂದ್ರದಲ್ಲಿ ನಿಮ್ಮಿಂದ ಹೆಚ್ಚುವರಿ ಹಣ ಕೇಳಿದರೆ ಸರ್ವೇಯರ್ ಒಪ್ಪಿದ ಮೊತ್ತದ ಪಟ್ಟಿ ಕೇಳಿ. ಯಾವ ಸಾಲಿಗೆ ಎಷ್ಟು ಕಳೆದಿದ್ದಾರೆ ಎಂಬುದು ಅದರಲ್ಲಿರುತ್ತದೆ. ಕ್ಲೇಮಿಗೆ ಸರ್ವೇಯರ್ ಬರುವುದಿದ್ದರೆ ಅವರು ನೋಡುವ ಮುನ್ನ ಕಾರು ಬಿಚ್ಚಲು ಬಿಡಬೇಡಿ.

ಮಳೆಗಾಲದ ಮಾತು ಬೇರೆಯೇ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಆಸುಪಾಸಿನ ಬಡಾವಣೆಗಳು ಜಲಾವೃತವಾಗಿ ಕಾರುಗಳು ಮುಳುಗಿದ್ದನ್ನು ರಾಜ್ಯ ಮರೆತಿಲ್ಲ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಲು ಯತ್ನಿಸಿದರೆ ನೀರು ಎಂಜಿನ್ ಒಳಹೊಕ್ಕು ಕನೆಕ್ಟಿಂಗ್ ರಾಡ್ ಬಾಗಬಹುದು. ಆಗ ಸಾಮಾನ್ಯ ಪಾಲಿಸಿಯಲ್ಲಿ ಎಂಜಿನ್ ವೆಚ್ಚ ತಿರಸ್ಕೃತವಾಗುವ ಸಂಭವ ಹೆಚ್ಚು. ಕೀಲಿ ಮುಟ್ಟದೆ ಎಳೆಸಿಕೊಂಡು ಹೋಗುವುದೇ ಜಾಣತನ. ದುರಸ್ತಿ ವೆಚ್ಚ ಪಾಲಿಸಿಯಲ್ಲಿ ಘೋಷಿಸಿದ ಕಾರಿನ ಮೌಲ್ಯದ ಶೇ 75 ಮೀರಿದರೆ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುವುದು ರೂಢಿಯ ನಿಯಮ. ಲಕ್ಷಗಟ್ಟಲೆ ಅಂದಾಜಿಗೆ ಒಪ್ಪಿಗೆ ಕೊಡುವ ಮುನ್ನ ಈ ಲೆಕ್ಕ ಹಾಕಿ.

ದಾರಿಯಲ್ಲಿ ಕೆಟ್ಟು ನಿಂತಾಗ

ಚೌಕಾಸಿಗೆ ಅವಕಾಶವೇ ಇಲ್ಲದ ಜಾಗ ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ ಸಹಾಯವಾಣಿ 1033ಕ್ಕೆ ಕರೆ ಮಾಡಿ. ನಿಮ್ಮ ಪಾಲಿಸಿಯಲ್ಲಿ ಅಥವಾ ಕಾರು ಕಂಪನಿಯಲ್ಲಿ ರಸ್ತೆಬದಿ ನೆರವಿನ ಸೌಲಭ್ಯ ಇದೆಯೇ ಎಂದು ಪ್ರಯಾಣಕ್ಕೆ ಮುನ್ನವೇ ನೋಡಿ, ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಖಾಸಗಿ ಎಳೆಬಂಡಿ ಕರೆಸಿದರೆ ಕೊಕ್ಕೆ ಹಾಕುವ ಮೊದಲೇ ದೂರ ಮತ್ತು ದರ ನಿಗದಿಯಾಗಲಿ. ರಸ್ತೆಬದಿಯಲ್ಲಿ ಕಾರು ಮನೆ ಮುಟ್ಟುವಷ್ಟು ದುರಸ್ತಿ ಮಾತ್ರ ಮಾಡಿಸಿ. ಶಿರಾಡಿ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬ್ರೇಕ್ ಬಿಸಿಯಾಗಿ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಿ. ತಣಿದ ಮೇಲೆ ಬ್ರೇಕ್ ಮೊದಲಿನಂತೆ ಹಿಡಿದರೆ ಅಲ್ಲಿಯೇ ಭಾಗ ಬದಲಿಸುವ ಅಗತ್ಯವಿಲ್ಲ, ಹಿಡಿಯದಿದ್ದರೆ ಎಳೆಸಿಕೊಂಡೇ ಹೋಗಬೇಕು.

ಹಣ ಕೊಡದೆ ಕಾರು ಬಿಡುವುದಿಲ್ಲ ಎಂದರೆ?

ಈ ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ, ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ವಿನಿಯೋಗಿಸಿದವರು ತಮಗೆ ಸಲ್ಲಬೇಕಾದ ಪ್ರತಿಫಲ ಬರುವವರೆಗೆ ಅದನ್ನು ತಮ್ಮಲ್ಲಿಯೇ ಇರಿಸಿಕೊಳ್ಳಬಹುದು. ಒಪ್ಪಿದ ಕೆಲಸದ ಹಣಕ್ಕಾಗಿ ಗ್ಯಾರೇಜಿನವರು ಕಾರು ತಡೆಹಿಡಿದರೆ ಅದು ದೌರ್ಜನ್ಯವಲ್ಲ, ಕಾನೂನು ಕೊಟ್ಟ ಹಕ್ಕು. ನೀವು ಒಪ್ಪದ ಕೆಲಸಕ್ಕೆ ಈ ಹಕ್ಕು ಅನ್ವಯಿಸದು ಎಂದು ವಾದಿಸಬೇಕಾದರೆ, ನೀವು ಏನನ್ನು ಒಪ್ಪಿದ್ದಿರಿ ಎಂಬುದು ಬರಹದಲ್ಲಿರಬೇಕು. ಜಾಬ್ ಕಾರ್ಡಿನ ಮಹತ್ವ ತಿಳಿಯುವುದು ಇಲ್ಲಿಯೇ.

ಕಾರು ತುರ್ತಾಗಿ ಬೇಕಿದ್ದು ಮೊತ್ತದ ಬಗೆಗೆ ತಕರಾರಿದ್ದರೆ, ಕೂಗಾಟ ಬೇಡ. ಹಣ ಕೊಟ್ಟು, ಬಿಲ್ಲಿನ ಎರಡೂ ಪ್ರತಿಗಳ ಮೇಲೆ ‘ಈ ಸಾಲುಗಳಿಗೆ ಆಕ್ಷೇಪವಿದೆ, ಪ್ರತಿಭಟನೆಯೊಂದಿಗೆ ಪಾವತಿಸಿದ್ದೇನೆ’ ಎಂದು ಬರೆದು ಸಹಿ ಹಾಕಿ. ಪಾವತಿ ನಗದಿನಲ್ಲಿ ಬೇಡ, ಕಾರ್ಡ್ ಅಥವಾ ಯುಪಿಐ ಮೂಲಕ ಆಗಲಿ. ಅದೇ ದಿನ ಇ-ಮೇಲ್ ಮೂಲಕವೂ ಆಕ್ಷೇಪ ತಿಳಿಸಿ.

ದೂರು ಎಲ್ಲಿ, ಹೇಗೆ?

ಮೊದಲ ಹೆಜ್ಜೆ ಸರ್ವಿಸ್ ಕೇಂದ್ರದ ವ್ಯವಸ್ಥಾಪಕರಿಗೆ, ಅನಂತರ ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೆ ಲಿಖಿತ ದೂರು. ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅನೇಕ ಸಣ್ಣ ತಕರಾರುಗಳು ಈ ಹಂತದಲ್ಲಿಯೇ ಇತ್ಯರ್ಥವಾಗುತ್ತವೆ.

ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯ್ದೆಯಲ್ಲಿ ಮಾಲೀಕರಿಗೆ ಅನುಕೂಲವಾದ ಹಲವು ಅಂಶಗಳಿವೆ. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಮೈಸೂರಿನಲ್ಲಿ ದುರಸ್ತಿ ಮಾಡಿಸಿದ ಹುಬ್ಬಳ್ಳಿಯವರು ಮೈಸೂರಿಗೆ ಅಲೆಯಬೇಕಿಲ್ಲ. ಪಾವತಿಸಿದ ಮೊತ್ತ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ದಾಖಲಿಸಬಹುದು. ಘಟನೆ ನಡೆದ ಎರಡು ವರ್ಷದೊಳಗೆ ದೂರು ಸಲ್ಲಿಕೆಯಾಗಬೇಕು. ಗ್ರಾಹಕರಿಗೆ ತಿಳಿಸಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವುದೂ ಸೇವಾ ನ್ಯೂನತೆಯೇ ಎಂದು ಕಾಯ್ದೆ ಹೇಳುತ್ತದೆ. ವಾಣಿಜ್ಯ ಉದ್ದೇಶದ ವಾಹನಗಳಿಗೆ ಈ ರಕ್ಷಣೆ ಇಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಟ್ಯಾಕ್ಸಿ ಓಡಿಸುವವರಿಗೆ ಇದೆ.

ಆಯೋಗದ ಮುಂದೆ ‘ನನಗೆ ಮೋಸವಾಗಿದೆ’ ಎಂಬ ಹೇಳಿಕೆ ಸಾಲದು. ಜಾಬ್ ಕಾರ್ಡ್, ಅಂದಾಜು ಪಟ್ಟಿ, ಬಿಲ್, ಸಂದೇಶಗಳು, ಚಿತ್ರಗಳು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ‘ಈ ಭಾಗ ಬದಲಾಗಿಲ್ಲ’ ಅಥವಾ ‘ಈ ಕೆಲಸ ಅಗತ್ಯವಿರಲಿಲ್ಲ’ ಎಂದು ಇನ್ನೊಂದು ಗ್ಯಾರೇಜಿನ ತಜ್ಞರು ಬರೆದುಕೊಟ್ಟ ಅಭಿಪ್ರಾಯ ಬೇಕು. ಕಾರನ್ನು ಮತ್ತೆ ದುರಸ್ತಿ ಮಾಡಿಸುವ ಮುನ್ನವೇ ಈ ಅಭಿಪ್ರಾಯ ಪಡೆಯಬೇಕು. ಸರಿಮಾಡಿಸಿದ ಮೇಲೆ ಸಾಕ್ಷ್ಯ ಅಳಿದುಹೋಗುತ್ತದೆ.

ನೆನಪಿಡಬೇಕಾದ ಏಳು ಮಾತು

1. ಲಕ್ಷಣ ಹೇಳಿ, ಭಾಗದ ಹೆಸರು ಹೇಳಬೇಡಿ.
2. ಅಂದಾಜು ಮೊತ್ತ ಮತ್ತು ಅದರ ಮಿತಿ ಜಾಬ್ ಕಾರ್ಡಿನಲ್ಲಿರಲಿ.
3. ಹೆಚ್ಚುವರಿ ಕೆಲಸಕ್ಕೆ ಫೋನಿನಲ್ಲಿ ‘ಆಯಿತು’ ಎನ್ನಬೇಡಿ. ಚಿತ್ರ, ಅಳತೆ, ಬೆಲೆ ಕಳಿಸಲು ಹೇಳಿ, ನೋಡಿ ಉತ್ತರಿಸಿ.
4. ಕೈಪಿಡಿಯ ಪಟ್ಟಿಯೊಂದಿಗೆ ಹೋಲಿಸಿ.
5. ಹೊಸ ಭಾಗದ ಡಬ್ಬಿ, ಹಳೆಯ ಭಾಗ ಎರಡನ್ನೂ ನೋಡಿ.
6. ಬಿಲ್ ಇಲ್ಲದೆ ಹಣ ಕೊಡಬೇಡಿ.
7. ಎಲ್ಲ ಕಾಗದಗಳನ್ನು ಒಂದೇ ಕಡತದಲ್ಲಿಡಿ. ಕಾರು ಮಾರುವಾಗ ಒಳ್ಳೆಯ ಬೆಲೆ ತರುವುದೂ ಅದೇ ಕಡತ.

ಮೂರನೆಯ ಮಾತೊಂದನ್ನು ಪಾಲಿಸಿದರೂ ಬಿಲ್ಲಿನಲ್ಲಿ ವ್ಯತ್ಯಾಸ ಕಾಣುತ್ತದೆ. ಮುಂದಿನ ಸರ್ವಿಸಿನ ದಿನ ಕಚೇರಿಗೆ ಹತ್ತು ನಿಮಿಷ ತಡವಾದರೂ ಚಿಂತೆಯಿಲ್ಲ, ಜಾಬ್ ಕಾರ್ಡನ್ನು ಪೂರ್ತಿ ಓದಿಯೇ ಸಹಿ ಹಾಕಿ.